ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸಂಸಾರ: 36 ಸಾವಿರದ ಕೆಲಸ, ಕೈಯಾಗ 1 ಲಕ್ಷ 10 ಸಾವಿರ. ಲೆಕ್ಕ ನೋಡಿ ಹೇಳ್ರಿ

ರಾಣೆಬೆನ್ನೂರು ಹುಡುಗ

ಎಲ್ಲರಿಗೂ ನಮಸ್ಕಾರ್ರಿ. ನಾನು ಡಿಪ್ಲೊಮಾ ಮೆಕ್ಯಾನಿಕಲ್. ಹುಬ್ಬಳ್ಳಿ ಗೋಕುಲ ರೋಡಿನ ಒಂದು ಫ್ಯಾಕ್ಟರಿಯೊಳಗ ಸಿಎನ್‌ಸಿ ಸೆಟ್ಟರ್ (ಕಂಪ್ಯೂಟರಿನಿಂದ ಓಡೂ ಮಶೀನ್ ಹೊಂದಿಸಾಂವ) ಅಂತ ಕೆಲಸಕ್ಕ ಸೇರಿ ಆರು ವರ್ಷ ಆತು. ಈಗಿನ ಪಗಾರ 20,500. ಪೀಣ್ಯದಾಗ ಒಂದು ಕಂಪನಿಯವರು ತಿಂಗಳಿಗೆ 36,000 ಅಂತ ಆಫರ್ ಲೆಟರ್ ಕೊಟ್ಟಾರ. ಮಾರ್ಚ್ ತಿಂಗಳಾಗ ಬಂದು ಸೇರ್ಕೋ ಅಂತಾರ.

ಮನಿಯೊಳಗ ನಾನು, ಹೆಂಡತಿ, ನಾಕು ವರ್ಷದ ಮಗಳು. ಅವ್ವ ಊರಾಗಿರ್ತಾಳ, ತಿಂಗಳಾ 3,000 ಕಳಿಸ್ತೀನಿ. ಬೈಕಿನ ಕಂತು 2,600 ಐತಿ, ಇನ್ನೂ ಹದಿನಾಲ್ಕು ತಿಂಗಳು ಕಟ್ಟಬೇಕು. ಕೂಡಿಟ್ಟಿದ್ದು 1,10,000.

ನಾ ಹಾಕಿದ ಲೆಕ್ಕ ಹಿಂಗೈತಿ: ಬಾಡಿಗಿ 10,000, ಕಿರಾಣಿ-ಕಾಯಿಪಲ್ಲೆ-ಹಾಲು 7,000, ಗ್ಯಾಸು-ಕರೆಂಟು 1,200, ಓಡಾಟ 1,000, ಮಗಳ ಸಾಲಿ 2,000, ಮೊಬೈಲ್ 600, ಅವ್ವಗ 3,000, ಕಂತು 2,600. ಒಟ್ಟು 27,400. ಅಂದ್ರ 8,600 ಉಳಿತೈತಿ. ಇಲ್ಲಿ ಈಗ ತಿಂಗಳಿಗೆ ಎರಡು ಸಾವಿರ ಉಳಿಸೂದೂ ಕಷ್ಟ. ಲೆಕ್ಕದಾಗ ಏನರ ತಪ್ಪೈತೇನು? ಬೆಂಗಳೂರಾಗ ಇದ್ದವರು ಸ್ವಲ್ಪ ನೋಡಿ ಹೇಳ್ರಿ.

ಲಗ್ಗೆರೆ ಟರ್ನರ್

ತಮ್ಮಾ, ನಂದು ಗದಗ ಹತ್ರ ಹಳ್ಳಿ. ಲಗ್ಗೆರಿಯೊಳಗ ಒಂಬತ್ತು ವರ್ಷದಿಂದ ಅದೀನಿ, ಕೆಲಸ ಪೀಣ್ಯ ಎರಡನೇ ಹಂತದಾಗ. ನಿನ್ನ ಲೆಕ್ಕದ ಮೊದಲನೇ ಸಾಲೇ ತಪ್ಪೈತಿ.

36,000 ಸಿಟಿಸಿ, ಅಂದ್ರ ಕಂಪನಿ ನಿನ್ನ ಮ್ಯಾಲೆ ಮಾಡೂ ಒಟ್ಟು ಖರ್ಚು, ಹೌದಲ್ಲೋ? ಲೆಟರಿನ ಕಡೀ ಪುಟ ತೆಗದು ನೋಡು. ಮಾಲೀಕರು ಕಟ್ಟೂ ಪಿಎಫ್ ಅದರಾಗ ಸೇರಿಸಿರ್ತಾರ. ಪಿಎಫ್ ಲೆಕ್ಕಕ್ಕ ಪಗಾರದ ಮಿತಿ 15,000 ಹಿಡದ್ರ ಅದೇ ಹತ್ರ ಹತ್ರ 1,950. ಗ್ರ್ಯಾಚುಟಿ ಅಂತ ಒಂದು ಏಳುನೂರು ಹಾಕಿರ್ತಾರ, ಅದು ಐದು ವರ್ಷ ದಾಟೂ ತನಕ ಕಣ್ಣಿಗೆ ಕಾಣೂದಿಲ್ಲ. ಆಮ್ಯಾಗ ನಿನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗಿ 200. ಕೈಗೆ ಬರೂದು 31,300ರ ಆಜೂಬಾಜು. ನಿನ್ನ 8,600 ಅಲ್ಲಿಗೇ 3,900ಕ್ಕ ಬಂತು. ಕ್ಯಾಂಟೀನು, ಕಂಪನಿ ಬಸ್ಸು ಅಂತ ಹಿಡೀತಾರೇನು ಅದನ್ನೂ ಎಚ್‌ಆರ್ ಅವರನ್ನ ಕೇಳು.

ಇನ್ನೊಂದು ಮಾತು, ಇದನ್ನ ಯಾರೂ ಹೇಳೂದಿಲ್ಲ. ಈಗ ನಿನ್ನ ಪಗಾರ 21,000ದ ಒಳಗೈತಿ, ಅಂದ್ರ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಐತಿ. ನಿನಗ, ಹೆಂಡತಿಗೆ, ಮಗಳಿಗೆ, ನಿನ್ನ ಮ್ಯಾಲೇ ಅವಲಂಬಿತಳಾಗಿದ್ರ ಅವ್ವಗೂ ಆಸ್ಪತ್ರಿ ಖರ್ಚು ಇಲ್ಲ. ಹೊಸ ಕಂಪನಿಯೊಳಗ 21,000 ದಾಟಿದ ಪಗಾರಕ್ಕ ಸೇರಿದ್ರ ಇಎಸ್‌ಐ ಇಲ್ಲ. ನಾ 2019ರಾಗ ಆ ಗೆರಿ ದಾಟಿದಾಗ ಭಾಳ ಖುಷಿ ಆಗಿತ್ತು. ಮೂರನೇ ತಿಂಗಳಿಗೆ ಮಗನಿಗೆ ಡೆಂಗಿ ಬಂತು, ಐದು ದಿನ ಪ್ರೈವೇಟ್ ಆಸ್ಪತ್ರಿ, 43,000 ಬಿಲ್ಲು. ಏರಿದ ಪಗಾರದ್ದು ವರ್ಷದ ಉಳಿತಾಯ ಐದು ದಿನದಾಗ ಹೋತು. ಕಂಪನಿಯೊಳಗ ಗ್ರೂಪ್ ಇನ್ಶೂರೆನ್ಸ್ ಐತೇನು, ಅವ್ವನ ಹೆಸರು ಹಾಕ್ತಾರೇನು ಅಂತ ಕೇಳದ ಸಹಿ ಮಾಡಬ್ಯಾಡ.

ಹಾಸನದವಳು

ನಾವು ಬಾಗಲಗುಂಟೆಯಲ್ಲಿದ್ದೇವೆ, ಯಜಮಾನರ ಕೆಲಸ ಪೀಣ್ಯದಲ್ಲೇ. ಬಾಡಿಗೆ 10,000ಕ್ಕೆ ಒಂದು ಬೆಡ್‌ರೂಮ್ ಮನೆ ಸಿಗುತ್ತೆ, ಇಲ್ಲ ಅನ್ನಲ್ಲ. ಆದರೆ ಗಾಳಿ ಬೆಳಕು ನೋಡಿಕೊಳ್ಳಿ. ಹಗಲಲ್ಲೂ ಲೈಟ್ ಹಾಕಿಕೊಂಡು ಅಡುಗೆ ಮಾಡೋ ಮನೆಗಳು ಈ ಕಡೆ ಬಹಳ. ನಾವು 12,500 ಕೊಡ್ತಿದ್ದೀವಿ, ಅದರ ಮೇಲೆ ನೀರಿಗೆ ಅಂತ 500.

ನೀರಿನ ವಿಷಯ ನೀವು ಲೆಕ್ಕಕ್ಕೇ ತಗೊಂಡಿಲ್ಲ ಸರ್. ನಮ್ಮ ಮೊದಲ ಮನೆಯಲ್ಲಿ ಬೋರ್ ನೀರು ಮಾತ್ರ ಇತ್ತು. ಅನ್ನ ಬಸಿಯೋ ಪಾತ್ರೆಯ ಒಳಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂರೋದು. ಹುಣಸೆಹಣ್ಣು ಹಾಕಿ ತಿಕ್ಕಿದ್ರೂ ನಾಲ್ಕು ದಿನಕ್ಕೆ ಮತ್ತೆ ಅದೇ. ಬೇಳೆ ಬೇಯಲು ಎರಡು ವಿಷಲ್ ಜಾಸ್ತಿ ಬೇಕು, ಗ್ಯಾಸೂ ಬೇಗ ಖಾಲಿ. ಕುಡಿಯಕ್ಕೆ, ಅಡುಗೆಗೆ ಎರಡಕ್ಕೂ ಕ್ಯಾನ್ ನೀರು. ನಮ್ಮ ಮೂವರಿಗೆ ವಾರಕ್ಕೆ ನಾಲ್ಕು ಕ್ಯಾನ್ ಬೇಕಾಗ್ತಿತ್ತು. ಆಮೇಲೆ ಯಜಮಾನರು ಬೈಕಲ್ಲಿ ಶುದ್ಧ ನೀರಿನ ಘಟಕದಿಂದ ತರಕ್ಕೆ ಶುರು ಮಾಡಿದ ಮೇಲೆ ಖರ್ಚು ಕಡಿಮೆ ಆಯ್ತು.

2024ರ ಬೇಸಿಗೆಯಲ್ಲಿ ಬೋರ್ ಬತ್ತಿಹೋಯ್ತು. ಆಗ ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳ್ತಿದ್ರು ಅಂತ ಬೆಂಗಳೂರು ನಗರ ಜಿಲ್ಲಾಡಳಿತವೇ ದರ ಗೊತ್ತು ಮಾಡ್ತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 12,000 ಲೀಟರಿಗೆ 1,000. ನಮ್ಮ ಕಟ್ಟಡದಲ್ಲಿ ಎಂಟು ಮನೆ, ಟ್ಯಾಂಕರ್ ಖರ್ಚು ಹಂಚಿಕೊಂಡು ಕೊಟ್ಟಿದ್ದು. ಆ ಎರಡು ತಿಂಗಳು ಬಟ್ಟೆ ಒಗೆದ ನೀರನ್ನ ಬಕೆಟ್ಟಲ್ಲಿ ಹಿಡಿದಿಟ್ಟು ಟಾಯ್ಲೆಟ್ಟಿಗೆ ಬಳಸಿದ್ದೀನಿ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತು, ನಗರದ ಅಂಚಿನ 110 ಹಳ್ಳಿಗಳಿಗೆ ನೀರು ಅಂತ. ಆದರೆ ರಸ್ತೆಯಲ್ಲಿ ಪೈಪ್ ಇದ್ದ ಮಾತ್ರಕ್ಕೆ ನಿಮ್ಮ ಕಟ್ಟಡಕ್ಕೆ ನೀರು ಬರುತ್ತೆ ಅಂತ ಅಲ್ಲ. ಮಾಲೀಕರು ದುಡ್ಡು ಕಟ್ಟಿ ಸಂಪರ್ಕ ತಗೊಂಡಿರಬೇಕು. ಮನೆ ನೋಡೋಕೆ ಹೋದಾಗ ಸಂಪ್ ಮುಚ್ಚಳ ತೆಗೆಸಿ ನೋಡಿ, ವಾರಕ್ಕೆ ಎಷ್ಟು ದಿನ ಕಾವೇರಿ ಬರುತ್ತೆ ಅಂತ ಪಕ್ಕದ ಮನೆ ಹೆಂಗಸರನ್ನ ಕೇಳಿ. ಮಾಲೀಕರನ್ನ ಕೇಳಬೇಡಿ.

ನಿಮ್ಮ ಮನೆಯವರು ಏನಂತಾರೆ? ನೀರು ಹಿಡಿಯೋರು ಅವರೇ ಅಲ್ವಾ, ಅದಕ್ಕೆ ಕೇಳಿದೆ.

ರಾಣೆಬೆನ್ನೂರು ಹುಡುಗ

ಲೆಟರ್ ತೆಗದು ನೋಡಿದೆ ಅಣ್ಣಾ. ನೀವು ಹೇಳಿದ್ದು ಖರೇ ಐತಿ, ಪಿಎಫ್ ಎರಡೂ ಕಡೀದು ಅದರಾಗೇ ಐತಿ. ಇಎಸ್‌ಐ ವಿಚಾರ ನನ್ನ ತಲಿಗೇ ಬಂದಿದ್ದಿಲ್ಲ. ಅವ್ವಗ ಬಿಪಿ ಐತಿ, ಗುಳಿಗಿ ಈಗ ಇಎಸ್‌ಐ ದವಾಖಾನಿಯಿಂದಾನ ಬರ್ತಾವ.

ಹಾಸನದ ಅಕ್ಕಾರ, ನಮ್ಮಾಕಿ ನಿಮ್ಮ ಬರಹ ಎರಡು ಸಲ ಓದಿದ್ಲು. ಹುಬ್ಬಳ್ಳಿಯೊಳಗೂ ನಮಗ ನಳದ ನೀರು ಎಂಟು ಹತ್ತು ದಿನಕ್ಕೊಮ್ಮೆ ಬರೂದು, ಹಂಗಾಗಿ ನೀರು ಕೂಡಿಡೂದು ಆಕಿಗೆ ಹೊಸದಲ್ಲ. ರೊಕ್ಕ ಕೊಟ್ಟು ಕುಡಿಯೂ ನೀರು ತರೂದು ಹೊಸದು ಅಂದ್ಲು.

ಅಡ್ವಾನ್ಸ್ ಎಷ್ಟು ಹಿಡೀಬೇಕ್ರಿ? ಹತ್ತು ತಿಂಗಳದ್ದು ಕೇಳ್ತಾರ ಅಂತ ಒಬ್ಬರು ಹೇಳಿದ್ರು, ಎದಿ ಝಲ್ ಅಂತು.

ಮೂರು ಮನೆ ಮಾಲೀಕ

ನಾನು ದಾಸರಹಳ್ಳಿಯಲ್ಲಿ ಮನೆಗಳನ್ನು ಬಾಡಿಗೆಗೆ ಕೊಡುವವನು. ಮಾಲೀಕರ ಕಡೆಯಿಂದ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ.

ಹತ್ತು ತಿಂಗಳ ಅಡ್ವಾನ್ಸ್ ಹಳೇ ರೂಢಿ. ನಮ್ಮ ಬೀದಿಯಲ್ಲಿ ಈಗ ಐದಾರು ತಿಂಗಳಿಗೆ ಮಾತುಕತೆ ನಿಲ್ಲುತ್ತದೆ. ನಾನು 11,000 ಬಾಡಿಗೆಗೆ 60,000 ತೆಗೆದುಕೊಳ್ಳುತ್ತೇನೆ. ಬ್ರೋಕರ್ ಮೂಲಕ ಬಂದರೆ ಅವರಿಗೆ ಒಂದು ತಿಂಗಳ ಬಾಡಿಗೆ ಬೇರೆ. ಪೀಣ್ಯ ಸುತ್ತಮುತ್ತ ಗೇಟಿಗೆ ಟು-ಲೆಟ್ ಬೋರ್ಡ್ ನೇತುಹಾಕಿರುತ್ತಾರೆ, ಭಾನುವಾರ ಬೆಳಿಗ್ಗೆ ನಡೆದುಕೊಂಡು ಹುಡುಕಿದರೆ ಆ ಹಣ ಉಳಿಯುತ್ತದೆ.

ಕರಾರು ಪತ್ರ 11 ತಿಂಗಳಿಗೆ ಮಾಡುತ್ತೇವೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ, ಅದನ್ನು ತಪ್ಪಿಸಲು ಈ 11. ಮುಗಿದ ಮೇಲೆ ಬಾಡಿಗೆ ಏರುತ್ತದೆ. ಎಷ್ಟು ಎಂದು ಈಗಲೇ ಪತ್ರದಲ್ಲಿ ಬರೆಸಿ. ಶೇ. 5 ಮತ್ತು ಶೇ. 10ರ ನಡುವಿನ ವ್ಯತ್ಯಾಸ ಮೂರನೇ ವರ್ಷಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಬಿಟ್ಟು ಹೋಗುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿ ಸಾಮಾನ್ಯ. ಹಾಗಾಗಿ 60,000 ಕೊಟ್ಟವರು 49,000 ವಾಪಸು ಬರುತ್ತದೆ ಎಂದು ಮೊದಲೇ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಿ.

ಕರೆಂಟ್ ಬಗ್ಗೆ. ಮನೆಗೆ ಬೇರೆ ಮೀಟರ್ ಇದೆಯೇ ಎಂದು ಕೇಳಿ. ಇದ್ದರೆ ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ. ಆದರೆ ಹಿಂದಿನವರ ಆಧಾರ್ ಆ ಆರ್‌ಆರ್ ನಂಬರಿಗೆ (ಕರೆಂಟ್ ಸಂಪರ್ಕದ ಸಂಖ್ಯೆ) ಜೋಡಣೆಯಾಗಿಯೇ ಉಳಿದಿದ್ದರೆ ನಿಮ್ಮ ಅರ್ಜಿ ಮುಂದಕ್ಕೆ ಹೋಗುವುದಿಲ್ಲ, ಅದನ್ನು ರದ್ದು ಮಾಡಿಸಬೇಕು. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದು ತುಂಬಾ ಜನ ತಪ್ಪು ತಿಳಿದಿದ್ದಾರೆ. ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಬಾಡಿಗೆದಾರರಿಗೆ ಸರಾಸರಿ 53 ಯೂನಿಟ್, ಅದರ ಮೇಲೆ ಶೇ. 10, ಅಂದರೆ 58 ಯೂನಿಟ್ ಎಂದು ಗೊತ್ತು ಮಾಡಿದ್ದರು. ಅದಕ್ಕಿಂತ ಹೆಚ್ಚು ಬಳಸಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಬಚ್ಚಲಲ್ಲಿ ಗೀಜರ್ ಇದ್ದರೆ 58 ಸಾಲುವುದಿಲ್ಲ.

ಶಿವಮೊಗ್ಗಕ್ಕೆ ವಾಪಸ್

ಪೇಂಟಿಂಗ್ ಮಾತು ಬಂತು ಅಂತ ಬರೀತಿದ್ದೀನಿ. ನಾವು 1,20,000 ಅಡ್ವಾನ್ಸ್ ಕೊಟ್ಟಿದ್ವಿ. ಬಿಡುವಾಗ ಕೈಗೆ ಬಂದಿದ್ದು 71,000. ಪೇಂಟು, ಕ್ಲೀನಿಂಗು, ಸಿಂಕಿನ ಕೆಳಗೆ ಊದಿದ ಪ್ಲೈವುಡ್ಡು, ನೋಟಿಸ್ ಕೊಟ್ಟಿದ್ದು ಹತ್ತು ದಿನ ತಡ, ಹೀಗೆ ಒಂದೊಂದಕ್ಕೂ ಕತ್ತರಿಸಿದ್ರು. ಆ ಪ್ಲೈವುಡ್ಡು ನಾವು ಬರೋ ಮೊದಲೇ ಊದಿತ್ತು. ತೋರಿಸಕ್ಕೆ ಒಂದು ಫೋಟೋನೂ ನಮ್ಮ ಹತ್ರ ಇರಲಿಲ್ಲ. ಕೀಲಿ ತಗೊಂಡ ದಿನ ಸಾಮಾನು ಇಳಿಸೋ ಮೊದಲು ಮನೆ ಪೂರ್ತಿ ವಿಡಿಯೊ ಮಾಡಿ, ನಲ್ಲಿ, ಗೋಡೆ, ಕಮೋಡು ಎಲ್ಲ ಸೇರಿಸಿ, ಮಾಲೀಕರಿಗೆ ಅವತ್ತೇ ವಾಟ್ಸಾಪಲ್ಲಿ ಕಳಿಸಿ.

ನಾವು ಊರಿಗೆ ವಾಪಸ್ ಬಂದಿದ್ದು ಬಾಡಿಗೆಯಿಂದ ಅಲ್ಲ. ಅಪ್ಪಂಗೆ ಹುಷಾರಿಲ್ಲದೆ ತಿಂಗಳಿಗೆ ಎರಡು ಸಲ ಊರಿಗೆ ಓಡ್ತಿದ್ವಿ. ಹಬ್ಬದ ಹಿಂದಿನ ದಿನ ಖಾಸಗಿ ಬಸ್ಸಿನ ದರ ಎರಡು ಪಟ್ಟು, ಕೆಲವು ಸಲ ಮೂರು ಪಟ್ಟು. ಸರ್ಕಾರಿ ಬಸ್ಸಲ್ಲಿ ನನ್ನ ಹೆಂಡತಿಗೆ ಶಕ್ತಿ ಯೋಜನೆ ಟಿಕೆಟ್ ಉಚಿತ, ಸೀಟು ಸಿಕ್ರೆ ಅದೇ ದೊಡ್ಡ ಉಪಕಾರ. ನಿಮ್ಮ ಲೆಕ್ಕದಲ್ಲಿ ಊರಿಗೆ ಹೋಗಿ ಬರೋ ಖರ್ಚು ಅನ್ನೋ ಸಾಲೇ ಇಲ್ಲವಲ್ಲ. ತಾಯಿ ಒಬ್ಬರೇ ಇದ್ದಾರೆ ಅಂತೀರಿ. ಆ ಸಾಲು ಮೊದಲು ಬರೀರಿ.

ರಾಣೆಬೆನ್ನೂರು ಹುಡುಗ

ಅದು ಖರೇನ ಬಿಟ್ಟೀನ್ರಿ. ಹುಬ್ಬಳ್ಳಿಯಿಂದ ಊರಿಗೆ ಎರಡು ತಾಸು, ರವಿವಾರ ಹೋಗಿ ಸಂಜೀಕ ಬರ್ತಿದ್ದೆ. ಅದನ್ನ ಖರ್ಚು ಅಂತ ಅನ್ನಿಸಿದ್ದೇ ಇಲ್ಲ.

ಇನ್ನೊಂದು ಮಾತು ಕೇಳ್ತೀನಿ. ನಮ್ಮ ಸೋದರಮಾವ ಅಂತಾನ, ಬಾಡಿಗಿ ಕೊಟ್ಟು ರೊಕ್ಕ ಯಾಕ ಹಾಳ ಮಾಡ್ತಿ, ಐದು ಲಕ್ಷ ಕೊಟ್ಟು ಮನಿ ಲೀಸಿಗೆ ಹಾಕ್ಕೋ, ಮೂರು ವರ್ಷ ಬಾಡಿಗಿ ಇಲ್ಲ, ಬಿಡುವಾಗ ಐದೂ ಲಕ್ಷ ವಾಪಸ್ ಬರತೈತಿ ಅಂತ. ಹೆಂಡತಿ ಬಂಗಾರ ಇಟ್ರ ಮೂರು ಲಕ್ಷ ಸಿಗತೈತಿ, ಉಳಿದಿದ್ದು ಅಂವಾ ಕೊಡ್ತಾನಂತ. ಹೆಂಗ್ರಿ ಇದು?

ಲಗ್ಗೆರೆ ಟರ್ನರ್

ಬ್ಯಾಡ. ಕೈ ಮುಗದು ಹೇಳ್ತೀನಿ, ಬಂಗಾರ ಇಟ್ಟು ಭೋಗ್ಯಕ್ಕ, ಅಂದ್ರ ಈ ಲೀಸಿಗೆ, ಮಾತ್ರ ಹೋಗಬ್ಯಾಡ.

ನಮ್ಮ ಓಣಿಯೊಳಗ ನಾಕು ಅಂತಸ್ತಿನ ಒಂದು ಬಿಲ್ಡಿಂಗ್ ಐತಿ. ಆರು ಮನಿ, ಆರೂ ಭೋಗ್ಯಕ್ಕ. ಒಂದಿನ ಬ್ಯಾಂಕಿನವರು ಬಂದು ಗೇಟಿಗೆ ನೋಟಿಸ್ ಅಂಟಿಸಿದ್ರು. ಮಾಲೀಕ ಬಿಲ್ಡಿಂಗ್ ಅಡ ಇಟ್ಟು ಸಾಲ ತಗೊಂಡಿದ್ದ, ಕಟ್ಟಿಲ್ಲ. ಆರು ಮನಿಯವರ ಕಡೆ ಇದ್ದಿದ್ದು ಛಾಪಾ ಕಾಗದದ ಮ್ಯಾಲೆ ಬರದ ಕರಾರು, ನೋಂದಣಿ ಆಗಿದ್ದಿಲ್ಲ. ಕೊಪ್ಪಳದ ಕಡಿ ಒಬ್ಬಾಕಿ ಆ ಗೇಟಿನ ಮುಂದ ಕುಂತು ಅತ್ತಿದ್ದು ಇನ್ನೂ ಕಣ್ಣ ಮುಂದೈತಿ. ಆಕೀ ಗಂಡ ಗಾರೆ ಕೆಲಸ ಮಾಡಿ ಕೂಡಿಟ್ಟ ನಾಕು ಲಕ್ಷ ಅದು.

ಮೂರು ಮನೆ ಮಾಲೀಕ

ಇವರು ಹೇಳಿದ್ದು ಸರಿ. ಭೋಗ್ಯಕ್ಕೆ ಹೋಗುವವರು ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಆ ಆಸ್ತಿಯ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಬೇಕು, ಮೂಲಪತ್ರ ಯಾರ ಹತ್ತಿರ ಇದೆ ಎಂದು ನೋಡಬೇಕು, ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಇದಕ್ಕೆ ಒಪ್ಪದ ಮಾಲೀಕರಿಗೆ ಹಣ ಕೊಡಬೇಡಿ. ನಿಮ್ಮ ವಿಷಯದಲ್ಲಿ ಚಿನ್ನದ ಸಾಲದ ಬಡ್ಡಿಯನ್ನೂ ಬರೆಯಿರಿ, ಪುಕ್ಕಟೆ ಮನೆ ಎನ್ನುವುದು ಅಲ್ಲೇ ಅರ್ಧ ಕರಗುತ್ತದೆ.

ಕುಂದಾಪ್ರ ಅಮ್ಮ

ಮಗುವಿನ ಶಾಲೆಗೆ ತಿಂಗಳಿಗೆ 2,000 ಅಂತ ಬರ್ದಿದ್ದೀರಿ. ಶಾಲೆಯವರು ತಿಂಗಳ ಲೆಕ್ಕದಲ್ಲಿ ತಗೊಳ್ಳುದಿಲ್ಲ. ನನ್ನ ಮಗನ ಎಲ್‌ಕೆಜಿಗೆ ಕಳೆದ ವರ್ಷ 38,000, ಅದರಲ್ಲಿ 20,000 ಸೇರಿಸುವ ದಿನವೇ ಕಟ್ಟಬೇಕಿತ್ತು. ಪುಸ್ತಕ, ಯೂನಿಫಾರ್ಮ್, ವ್ಯಾನು ಎಲ್ಲ ಬೇರೆ. ವ್ಯಾನಿನವ ಬೇಸಿಗೆ ರಜೆಯ ತಿಂಗಳಿಗೂ ಹಣ ಕೇಳ್ತಾನೆ. ನಾಲ್ಕು ವರ್ಷದ ಮಗುವನ್ನ ಒಂದು ವರ್ಷ ಅಂಗನವಾಡಿಗೆ ಕಳಿಸಿದರೆ ತಪ್ಪೇನಿಲ್ಲ. ನಮ್ಮ ಪಕ್ಕದ ಬೀದಿಯ ಅಂಗನವಾಡಿ ಟೀಚರ್ ಮಕ್ಕಳನ್ನ ಎಷ್ಟು ಚೆಂದ ನೋಡಿಕೊಳ್ತಾರೆ ಅಂದ್ರೆ ನನ್ನ ಎರಡನೆಯವಳನ್ನ ನಾನು ಅಲ್ಲಿಗೇ ಹಾಕಿದ್ದೇನೆ. ಮತ್ತೆ ಮಾರ್ಚ್‌ನಲ್ಲಿ ಸಂಸಾರ ಸಮೇತ ಯಾಕೆ ಬರ್ತೀರಿ? ಶಾಲೆ ಶುರುವಾಗುದು ಜೂನ್ ಹತ್ತಿರ. ಅಲ್ಲಿಯ ತನಕ ಮೂರು ತಿಂಗಳ ಬಾಡಿಗೆ ದಂಡ ಅಲ್ವಾ?

ಸುಂಕದಕಟ್ಟೆ ಬ್ಯಾಚುಲರ್

ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ. ಅಣ್ಣಾ, ಮೊದಲು ಒಬ್ರೇ ಬನ್ನಿ. ಮೂರು ಜನ ಇರೋ ಪಿಜಿ ರೂಮಿಗೆ ನಾನು 6,500 ಕೊಡ್ತೀನಿ, ಊಟ ಸೇರಿ. ಅಡ್ವಾನ್ಸ್ 5,000. ಬೆಳಿಗ್ಗೆ ತಿಂಡಿ ಸಪ್ಪೆ, ಭಾನುವಾರ ರಾತ್ರಿ ಊಟ ಇಲ್ಲ. ಮೂರು ತಿಂಗಳು ತಡ್ಕೋಬಹುದು. ಪ್ರೊಬೇಷನ್ನೂ ಮುಗಿಯುತ್ತೆ, ಕಂಪನಿ ಹೆಂಗೆ ಅಂತ ಗೊತ್ತಾಗುತ್ತೆ.

ಸಂಬಳದ ದಿನಾನೂ ನೋಡ್ಕೊಳ್ಳಿ. ನಾನು ಸೇರಿದ ಕಡೆ 20ನೇ ತಾರೀಕಿಗೆ ಹಾಜರಿ ಕ್ಲೋಸ್. ನಾನು 22ಕ್ಕೆ ಸೇರಿದ್ದೆ. ಆ ತಿಂಗಳದ್ದು ಮುಂದಿನದರ ಜೊತೆ ಅಂತ ಹೇಳಿ ಮೊದಲ ಸಂಬಳ ಕೈಗೆ ಬಂದಾಗ 46 ದಿನ ಆಗಿತ್ತು. ಆ ದಿನಗಳಲ್ಲಿ ಎಷ್ಟೋ ಸಲ ಮಧ್ಯಾಹ್ನ ಇಂದಿರಾ ಕ್ಯಾಂಟೀನಲ್ಲೇ ಹತ್ತು ರೂಪಾಯಿ ಊಟ ಮಾಡಿದ್ದೀನಿ. ಆ ಕ್ಯಾಂಟೀನಿಗೆ ನಾನು ಇವತ್ತಿಗೂ ಋಣಿ.

ಓಡಾಟಕ್ಕೆ ನಿಮ್ಮ ಬೈಕ್ ತನ್ನಿ, ಅದೇ ರಾಜ್ಯದ ನಂಬರ್, ಏನೂ ತೊಂದರೆ ಇಲ್ಲ. ಬಸ್ಸಲ್ಲಿ ಓಡಾಡೋದಾದ್ರೆ ಬಿಎಂಟಿಸಿ ಸಾಮಾನ್ಯ ಮಾಸಿಕ ಪಾಸ್ 2025ರ ಜನವರಿಯಿಂದ 1,200. ಮೆಟ್ರೊ ಅದೇ ವರ್ಷ ಫೆಬ್ರವರಿಯಲ್ಲಿ ಜಾಸ್ತಿ ಆಯ್ತು, ದೂರಕ್ಕೆ ತಕ್ಕ ಹಾಗೆ 10ರಿಂದ 90 ಅಂತ ಮಾಡಿದ್ರು. ನಾಗಸಂದ್ರ, ದಾಸರಹಳ್ಳಿ ಕಡೆಯಿಂದ ಪೀಣ್ಯಕ್ಕೆ ಹತ್ತಿರ, ಪರವಾಗಿಲ್ಲ. ಕಡಿಮೆ ಬಾಡಿಗೆ ಅಂತ ನೆಲಮಂಗಲದ ಆಚೆ ಮನೆ ಮಾಡಿದ್ರೆ ಉಳಿಸಿದ ಎರಡು ಸಾವಿರ ಪೆಟ್ರೋಲಿಗೆ ಹೋಗುತ್ತೆ, ದಿನಾ ಎರಡು ಗಂಟೆ ತುಮಕೂರು ರಸ್ತೆಯ ಧೂಳಿಗೆ ಹೋಗುತ್ತೆ.

ಹಾಸನದವಳು

ಒಂದು ಚಿಕ್ಕ ವಿಷಯ. ಬರುವಾಗ ಹುಬ್ಬಳ್ಳಿಯ ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ವೋಚರ್ ತಗೊಳ್ಳಿ. ಡಿಪಾಸಿಟ್ ವಾಪಸ್ ಕೊಡ್ತಾರೆ, ಇಲ್ಲಿ ಹೊಸದಾಗಿ ಕಟ್ಟಬೇಕು. ನಾವು ಅದು ಮಾಡದೆ ಬಂದು ಒಂದು ತಿಂಗಳು ಚಿಕ್ಕ ಸಿಲಿಂಡರಿಗೆ ಕೆಜಿ ಲೆಕ್ಕದಲ್ಲಿ ಗ್ಯಾಸ್ ತುಂಬಿಸಿದ್ವಿ. ದುಬಾರಿ, ಅಪಾಯ ಕೂಡ.

ರಾಣೆಬೆನ್ನೂರು ಹುಡುಗ

ಹದಿನೈದು ದಿನ ಆತು, ಏನಾತು ಅಂತ ತಿಳಿಸಾಕ ಬರದೀನಿ.

ಮೊದಲು ಎಚ್‌ಆರ್ ಅವರಿಗೆ ಫೋನ್ ಮಾಡಿದೆ. ಗ್ರೂಪ್ ಇನ್ಶೂರೆನ್ಸ್ ಎರಡು ಲಕ್ಷದ್ದು ಐತಿ, ಹೆಂಡತಿ ಮಗಳು ಬರ್ತಾರ, ಅವ್ವ ಬರೂದಿಲ್ಲ. ಇಎಸ್‌ಐ ಹೋಗತೈತಿ, ಪಗಾರದಾಗ ಏನರ ಮಾಡ್ರಿ ಅಂತ ಕೇಳಿದೆ. ಕೇಳಾಕ ಭಾಳ ಸಂಕೋಚ ಆತು, ಆದರೂ ಕೇಳಿದೆ. 1,500 ಏರಿಸ್ಯಾರ. ಹಾಜರಿ 25ಕ್ಕ ಕ್ಲೋಸ್ ಅಂತ, ಹಂಗಾಗಿ 26ಕ್ಕ ಸೇರ್ತೀನಿ ಅಂದೆ, ಹ್ಞೂಂ ಅಂದ್ರು. ಮೊದಲ ಪಗಾರ ಪೂರ್ತಿ ಬರತೈತಿ.

ಕಳೆದ ಶನಿವಾರ ರಾತ್ರಿ ರೈಲಿಗೆ ಬಂದು ರವಿವಾರ ಇಡೀ ದಿನ ಅಡ್ಡಾಡಿದೆ. ಟರ್ನರ್ ಅಣ್ಣಾರು ತಮ್ಮ ಬೈಕಿನ್ಯಾಗ ಕರಕೊಂಡು ತಿರುಗಿಸಿದ್ರು, ಅವರ ಮನಿಯೊಳಗೇ ರೊಟ್ಟಿ ಊಟ. ಹನ್ನೊಂದು ಮನಿ ನೋಡಿದ್ವಿ. ಒಂದು ಮನಿ 9,500ಕ್ಕ ಇತ್ತು, ಬಾಗಿಲು ತೆಗದ ಕೂಡಲೇ ಮುಗ್ಗಲು ವಾಸನಿ, ಅಡಗಿಮನಿ ಕಿಟಕಿ ತೆಗದ್ರ ಪಕ್ಕದ ಬಿಲ್ಡಿಂಗಿನ ಗ್ವಾಡಿ ಕೈಗೆ ಹತ್ತತೈತಿ. ಇನ್ನೊಂದು 11,500, ಎರಡನೇ ಮಹಡಿ, ಕಾವೇರಿ ವಾರಕ್ಕ ಎರಡು ದಿನ. ಹಾಸನದ ಅಕ್ಕಾರು ಹೇಳಿದಂಗ ಕೆಳಗಿನ ಮನಿ ಅಜ್ಜಿನ್ನ ಕೇಳೇ ತಿಳಕೊಂಡಿದ್ದು. ಅಡ್ವಾನ್ಸ್ 60,000 ಕೇಳ್ಯಾರ. ಈಗ ಕೊಟ್ಟಿಲ್ಲ.

ಹೊಸ ಲೆಕ್ಕ ಹಿಂಗೈತಿ. ಮೂರು ತಿಂಗಳು ನಾ ಒಬ್ಬಾವನ ಪಿಜಿಯೊಳಗ ಇರೂದು. ಹೆಂಡತಿ ಮಗಳು ಊರಾಗ ಅವ್ವನ ಕೂಡ ಇರ್ತಾರ, ಹುಬ್ಬಳ್ಳಿ ಮನಿ ಬಿಡ್ತೀವಿ, ಆ ಬಾಡಿಗಿ ಉಳಿತೈತಿ. ಕೈಗೆ ಹತ್ರ ಹತ್ರ 32,800 ಬರತೈತಿ. ಪಿಜಿ 6,500, ಕಂತು 2,600, ಊರಿಗೆ 9,000, ನನ್ನ ಓಡಾಟ, ಊರಿಗೆ ಹೋಗಿ ಬರೂದು, ಇತರೆ ಸೇರಿ 4,500. ತಿಂಗಳಿಗೆ ಹತ್ತು ಸಾವಿರ ಉಳಿತೈತಿ. ಜೂನ್ ಹೊತ್ತಿಗೆ ಕೈಯಾಗ 1,40,000 ಆದ್ರ, ಅಡ್ವಾನ್ಸ್ 60,000, ಮೊದಲ ಬಾಡಿಗಿ 11,500, ಸಾಮಾನು ತರೂ ಟೆಂಪೊ 15,000, ಅವ್ವಗ ಆಸ್ಪತ್ರಿ ಅಂತ ಮುಟ್ಟಲಾರದ 30,000. ಉಳಿದ 23,500 ನೀರು, ಗ್ಯಾಸು, ಬಕೀಟು, ಪರದೆ ಅಂತ ಮೊದಲ ತಿಂಗಳಿಗೆ. ಮಗಳು ಈ ವರ್ಷ ಅಂಗನವಾಡಿಗೆ.

ಸಂಸಾರ ಬಂದ ಮ್ಯಾಲೆ ತಿಂಗಳಿಗೆ ಉಳಿಯೂದು ಎರಡರಿಂದ ಎರಡೂವರೆ ಸಾವಿರ ಅಷ್ಟ. ಹುಬ್ಬಳ್ಳಿಯೊಳಗ ಉಳಿತಿದ್ದಷ್ಟೇ. ಅದನ್ನ ನೋಡಿ ಒಂದು ರಾತ್ರಿ ನಿದ್ದಿ ಬರಲಿಲ್ಲ. ಆದರ ಇಲ್ಲಿ ಐದು ಆ್ಯಕ್ಸಿಸ್ ಮಶೀನ್ ಅದಾವ, ಹುಬ್ಬಳ್ಳಿಯ ನಮ್ಮ ಫ್ಯಾಕ್ಟರಿಯೊಳಗ ಇಲ್ಲ. ಎರಡು ವರ್ಷ ಅದನ್ನ ಕಲತ್ರ ನನ್ನ ಕೆಲಸದ ಬೆಲಿ ಬ್ಯಾರೆ ಆಗತೈತಿ ಅಂತ ಹೆಂಡತೀನ ಅಂದ್ಲು. ಆಕಿಗೆ ಟೇಲರಿಂಗ್ ಬರತೈತಿ, ಹೊಲಿಗಿ ಮಶೀನ್ ಟೆಂಪೊದಾಗ ಮೊದಲು ಏರಿಸಬೇಕು ಅಂತ ಈಗಲೇ ಹೇಳ್ಯಾಳ. ಬಂಗಾರ ಇಡೂದಿಲ್ಲ ಅಂತ ಮಾವಗ ಹೇಳಿದ್ವಿ, ಸ್ವಲ್ಪ ಸಿಟ್ಟಾಗ್ಯಾನ.

ಲಗ್ಗೆರೆ ಟರ್ನರ್

ಬಂಗಾರದ ಮಾತು ಕೇಳಿ ಸಮಾಧಾನ ಆತು. ಮಾವನ ಸಿಟ್ಟು ಜಾತ್ರಿ ತನಕ ಇರತೈತಿ, ಆಮ್ಯಾಗ ಇಳೀತೈತಿ.

ಟೆಂಪೊದಾಗ ಒಂದು ಚೀಲ ಜೋಳ ಹಾಕ್ಕೊಂಡು ಬಾ. ಇಲ್ಲಿ ಅಂಗಡಿ ಜೋಳಕ್ಕ ರೊಕ್ಕ ಭಾಳ, ರೊಟ್ಟಿ ಬಿರಿತಾವ. ನಮ್ಮ ಓಣಿ ಗಿರಣಿಯಾಂವ ವಿಜಯಪುರದ ಕಡಿಯಾಂವ, ಜೋಳಕ್ಕಂತ ಕಲ್ಲು ಬ್ಯಾರೇನ ಇಟ್ಟಾನ.

ರಾಣೆಬೆನ್ನೂರು ಹುಡುಗ

ಎರಡು ಚೀಲ ತರ್ತೀನಿ ಅಣ್ಣಾ, ಒಂದು ನಿಮ್ಮ ಮನಿಗೆ. ಅವ್ವ ಈಗಲೇ ಹಸನ ಮಾಡಾಕ ಕುಂತಾಳ.